ರಾಯತೂರಿನ ಸೆಮಿನರಿ ಮತ್ತು ಓವಿಯ ದಾರಿ: ಕಾರವಾರ–ಅಂಕೋಲಾ ಸೀಮೆಯಿಂದ ಒಂದು ನೋಟ

ಕರಾವಳಿಯ ಕ್ರೈಸ್ತ ಸಂಸ್ಥೆಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕಟ್ಟಡಗಳ ಚರಿತ್ರೆಯನ್ನೇ ಬರೆದಿದ್ದಾರೆ. ಅಡಿಗಲ್ಲು ಬಿದ್ದ ವರ್ಷ, ಆಸ್ತಿ ಒಂದು ಸಂಘದಿಂದ ಇನ್ನೊಂದು ಸಂಘಕ್ಕೆ ಹೋದ ಬಗೆ, ಆಳಿದ ಗುರುಗಳ ಪಟ್ಟಿ ಇವೇ ಅಲ್ಲಿ ಮುಖ್ಯ. ಗುರುಗಳನ್ನು ತರಬೇತುಗೊಳಿಸುವ ಸೆಮಿನರಿಯೊಂದು ಮತ್ತೊಂದು ಧಾರ್ಮಿಕ ಸಂಘ ತೆರವು ಮಾಡಿದ ಮನೆಗೆ ಬಂದು ನೆಲೆಸಿದ ಸಂಗತಿಯೂ ಇಂಥ ಬರಹಗಳಲ್ಲಿ ಒಂದು ಹಸ್ತಾಂತರದ ಸುದ್ದಿಯಾಗಿ ಮುಗಿದುಹೋಗುತ್ತದೆ. ಜಾನಪದ ಅಧ್ಯಯನಕ್ಕೆ ಮುಖ್ಯವಾಗಬೇಕಾದ ಪ್ರಶ್ನೆ ಬೇರೆ. ಆ ಮನೆಯಲ್ಲಿ ಮೊದಲು ಯಾವ ಭಾಷೆಯನ್ನು ಕಲಿಯುತ್ತಿದ್ದರು, ಬಳಿಕ ಯಾವ ಭಾಷೆಯನ್ನು ಕಲಿತರು, ಅಲ್ಲಿಂದ ಹೊರಟ ಗುರು ಹಳ್ಳಿಯ ಹೆಂಗಸರ ಹಾಡಿಗೆ ಕಿವಿಗೊಡಬಲ್ಲವನಾಗಿದ್ದನೆ ಎಂಬುದು ಆ ಪ್ರಶ್ನೆ. ಇದನ್ನು ಕೇಳಲು ಕಾಳಿ ಮತ್ತು ಗಂಗಾವಳಿ ನದಿಗಳ ನಡುವಿನ ಕಾರವಾರ–ಅಂಕೋಲಾ ಸೀಮೆಯಷ್ಟು ತಕ್ಕ ನೆಲೆ ಇನ್ನೊಂದಿಲ್ಲ. ಈ ಸೀಮೆಯ ಕ್ರೈಸ್ತರಿಗೆ ಗುರುಗಳು ಬಹುಕಾಲ ಹೊರಗಿನಿಂದಲೇ ಬಂದರು. ಹೆಚ್ಚಿನವರು ಬಂದದ್ದು ಗೋವೆಯ ಸಾಷ್ಟಿಯಲ್ಲಿರುವ ರಾಯತೂರಿನ ಸೆಮಿನರಿಯ ಪರಂಪರೆಯಿಂದ. ಪೋರ್ಚುಗೀಸರು ‘ರಾಚೋಲ್’ ಎಂದು ಕರೆದದ್ದು ಈ ಊರನ್ನೇ.

ರಾಯತೂರಿನ ಸೆಮಿನರಿ ತಾನೇ ಕಟ್ಟಿದ ಮನೆಯಲ್ಲಿಲ್ಲ. ಜುವಾರಿ ನದಿಯ ದಂಡೆಯ ಆ ಗುಡ್ಡ ಮೊದಲು ಆದಿಲ್‌ಶಾಹಿಗಳ ಕೋಟೆಯಾಗಿತ್ತು. 1520ರಲ್ಲಿ ವಿಜಯನಗರದ ಕೃಷ್ಣದೇವರಾಯನ ಸೈನ್ಯ ಅದನ್ನು ಗೆದ್ದ ಮೇಲೆ ಪೋರ್ಚುಗೀಸರ ವಶವಾಯಿತು. ಜೆಸುಯಿಟರು 1574ರಲ್ಲಿ ಮಡಗಾಂವಿನಲ್ಲಿ ಆರಂಭಿಸಿದ ವಿದ್ಯಾಲಯ ದಾಳಿಗಳಿಗೆ ಸಿಕ್ಕಿ, ಅಲ್ಲಿಂದ ಇಲ್ಲಿಗೂ ಇಲ್ಲಿಂದ ಅಲ್ಲಿಗೂ ಅಲೆದು, ಕೊನೆಗೆ ಕೋಟೆಯ ಆಸರೆಯಲ್ಲಿ ನೆಲೆಗೊಂಡಿತು. ಈಗಿನ ಕಟ್ಟಡದ ಅಡಿಗಲ್ಲು 1606ರದು. 1759ರಲ್ಲಿ ಪೋರ್ಚುಗಲ್ಲಿನ ಮಂತ್ರಿ ಪೊಂಬಾಲನ ಆಡಳಿತ ಜೆಸುಯಿಟರನ್ನು ರಾಜ್ಯದಿಂದ ಹೊರದೂಡಿ ಅವರ ಆಸ್ತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ತೆರವಾದ ಈ ಮನೆಯಲ್ಲಿ 1762ರಲ್ಲಿ ಗೋವೆಯ ಧರ್ಮಪ್ರಾಂತದ ಸೆಮಿನರಿ ನೆಲೆಸಿತು. ಚೊಡಣ ದ್ವೀಪದಲ್ಲಿದ್ದ ಜೆಸುಯಿಟರ ಮನೆಗೂ ಅದೇ ಹೊತ್ತಿಗೆ ಇದೇ ಗತಿಯಾಯಿತು. ಆಸ್ತಿಪತ್ರದ ಚರಿತ್ರೆ ಇಲ್ಲಿಗೆ ಮುಗಿಯುತ್ತದೆ.

ಆದರೆ ಈ ಮನೆಗೆ ಕಲ್ಲು–ಗಾರೆಯ ಆಯುಷ್ಯದಷ್ಟೇ ಮುಖ್ಯವಾದ ಇನ್ನೊಂದು ಆಯುಷ್ಯವೂ ಇತ್ತು. 1616ರಲ್ಲಿ ಇಲ್ಲಿಯ ಮುದ್ರಣಾಲಯದಲ್ಲಿ ಥಾಮಸ್ ಸ್ಟೀಫನ್ಸನ ‘ಕ್ರಿಸ್ತಪುರಾಣ’ ಅಚ್ಚಾಯಿತು. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಜೆಸುಯಿಟ್ 1579ರಲ್ಲಿ ಗೋವೆಗೆ ಬಂದು, 1619ರಲ್ಲಿ ತೀರಿಕೊಳ್ಳುವವರೆಗೆ ಜೀವನದ ಬಹುಭಾಗವನ್ನು ಸಾಷ್ಟಿಯ ಹಳ್ಳಿಗಳಲ್ಲಿ ಕಳೆದ. ಸುಮಾರು 11,000 ಓವಿಗಳ ಅವನ ಕೃತಿ ಕೊಂಕಣಿ ಬೆರೆತ ಮರಾಠಿಯಲ್ಲಿದೆ. ಪುರಾಣವೆಂಬ ಹೆಸರಿನಿಂದ ಹಿಡಿದು ಓವಿಯ ನಡೆಯವರೆಗೆ, ಹೊಸದಾಗಿ ಕ್ರೈಸ್ತರಾದವರು ಹಿಂದೆ ಕೇಳಿ ಬಲ್ಲ ರೂಪವನ್ನೇ ಅವನು ಆರಿಸಿಕೊಂಡ. 1622ರಲ್ಲಿ ಅವನ ಕ್ರೈಸ್ತ ಪ್ರಶ್ನೋತ್ತರಿ, 1640ರಲ್ಲಿ ದಿಯೋಗು ರಿಬೈರು ಬೆಳೆಸಿದ ಅವನ ವ್ಯಾಕರಣ ಇದೇ ಮನೆಯಿಂದ ಹೊರಬಂದವು. ಈ ವ್ಯಾಕರಣದ ಹೆಸರಿನಲ್ಲಿ ‘ಕಾನಾರಿಂ ಭಾಷೆ’ ಎಂಬ ಮಾತಿದೆ. ಕನ್ನಡದ ಸಂಶೋಧಕರೂ ಸೂಚಿಪತ್ರ ಸಿದ್ಧಪಡಿಸುವ ಗ್ರಂಥಪಾಲಕರೂ ಇಲ್ಲಿ ಎಚ್ಚರವಹಿಸಬೇಕು. ಇದು ಕನ್ನಡದ ವ್ಯಾಕರಣವಲ್ಲ, ಕೊಂಕಣಿಯದು. ಕನ್ನಡ ಅರಸರ ಆಳ್ವಿಕೆಯ ನೆನಪಿನಿಂದ ಪೋರ್ಚುಗೀಸರು ಗೋವೆಯ ಜನರನ್ನೂ ಅವರ ಮಾತನ್ನೂ ಆ ಹೆಸರಿನಿಂದ ಕರೆದರು. ಹೆಸರೊಂದು ಭಾಷೆಯಿಂದ ಭಾಷೆಗೆ ವಲಸೆ ಹೋದ ಈ ಪ್ರಸಂಗ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದುದು.

ಹೀಗೆ 17ನೆಯ ಶತಮಾನದ ಪೂರ್ವಾರ್ಧದಲ್ಲಿ ಜನಭಾಷೆಯನ್ನು ಕಲಿತು, ಕಲಿಸಿ, ಅಚ್ಚು ಹಾಕಿದ ಮನೆ ಇದು. ಮತಾಂತರದ ಉದ್ದೇಶ ಅದರ ಹಿಂದೆ ಇದ್ದೇ ಇತ್ತು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಉದ್ದೇಶವೇನೇ ಇರಲಿ, ಆ ಉದ್ದೇಶಕ್ಕಾಗಿ ಕಿವಿ ತೆರೆದುಕೊಳ್ಳಬೇಕಾಗಿತ್ತು ಎಂಬುದು ಗಮನಾರ್ಹ. ಮುಂದಿನ ಕಾಲದ ಆಡಳಿತ ಈ ಕಿವಿಯನ್ನು ಮುಚ್ಚುತ್ತ ಬಂದಿತು. 1684ರಲ್ಲಿ ವೈಸ್‌ರಾಯ್ ಆಲ್ವೋರ್ ಕೌಂಟನು ಮೂರು ವರ್ಷದೊಳಗೆ ಜನ ತಮ್ಮ ಮಾತನ್ನು ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ಆಜ್ಞೆ ಹೊರಡಿಸಿದ. 1736ರಲ್ಲಿ ಗೋವೆಯ ಇನ್‌ಕ್ವಿಸಿಶನ್ ಹೊರಡಿಸಿದ ಶಾಸನ ಇನ್ನೂ ಒಳಮನೆಗೆ ಕೈಹಾಕಿತು. ಮದುವೆಯಲ್ಲಿ ನಾಡವಾದ್ಯಗಳನ್ನು ನುಡಿಸಕೂಡದು, ವಧುವರರಿಗೆ ಅರಿಸಿನ, ತೆಂಗಿನೆಣ್ಣೆ, ಅಕ್ಕಿಹಿಟ್ಟು ಹಚ್ಚಕೂಡದು, ಮನೆಯಲ್ಲಿ ತುಳಸಿ ಬೆಳೆಸಕೂಡದು, ಓವಿ ಹಾಡಕೂಡದು.

ಈ ನಿಷೇಧಪತ್ರವನ್ನು ಇತಿಹಾಸಕಾರರು ದಬ್ಬಾಳಿಕೆಯ ಸಾಕ್ಷ್ಯವಾಗಿ ಉಲ್ಲೇಖಿಸುತ್ತಾರೆ. ಅದು ಸರಿಯೇ. ಆದರೆ ಜಾನಪದ ವಿದ್ವಾಂಸನು ಅದನ್ನು ಇನ್ನೊಂದು ಬಗೆಯಲ್ಲಿಯೂ ಓದಬೇಕು. ಇಲ್ಲದ ಆಚರಣೆಯನ್ನು ಯಾರೂ ನಿಷೇಧಿಸುವುದಿಲ್ಲ. ಮತಾಂತರವಾಗಿ ಆರೇಳು ತಲೆಮಾರು ಕಳೆದರೂ ಓವಿ, ಅರಿಸಿನ, ವೀಳ್ಯ, ತುಳಸಿ ಎಲ್ಲವೂ ಕ್ರೈಸ್ತರ ಮನೆಗಳಲ್ಲಿ ಜೀವಂತವಾಗಿದ್ದವು ಎಂಬುದಕ್ಕೆ ಈ ಪತ್ರಕ್ಕಿಂತ ಗಟ್ಟಿಯಾದ ಆಧಾರ ಬೇಡ. ಮುಚ್ಚಲೆಂದು ಬರೆದ ಈ ಪಟ್ಟಿಯೇ ಕೊಂಕಣಿ ಕ್ರೈಸ್ತರ ವಿವಾಹ ಜಾನಪದದ ಮೊದಲ ಸೂಚಿಪತ್ರಗಳಲ್ಲಿ ಒಂದಾಗಿ ಉಳಿದಿದೆ.

1762ರ ಸ್ಥಳಾಂತರವನ್ನು ಇಡಬೇಕಾದುದು ಈ ಹಿನ್ನೆಲೆಯಲ್ಲಿ. ಓವಿಯನ್ನು ಅಚ್ಚು ಹಾಕಿದ ಮನೆಗೆ, ಓವಿಯನ್ನು ನಿಷೇಧಿಸಿದ ಕಾಲದ ಶಿಕ್ಷಣ ಬಂದು ಕುಳಿತುಕೊಂಡಿತು. ಲ್ಯಾಟಿನ್ ಮತ್ತು ಪೋರ್ಚುಗೀಸ್ ಅಲ್ಲಿಯ ವಿದ್ಯೆಯ ಭಾಷೆಗಳಾದವು. ಮಕ್ಕಳು ಶಾಲೆಯಲ್ಲಿ ಕೊಂಕಣಿ ಆಡಬಾರದೆಂದು 1812ರಲ್ಲಿ ಆರ್ಚ್‌ಬಿಷಪ್ಪರ ಆಜ್ಞೆಯಾಯಿತು. 1847ರಲ್ಲಿ ಈ ನಿರ್ಬಂಧ ಸೆಮಿನರಿಗಳಿಗೂ ವಿಸ್ತರಿಸಿತು. ಸ್ಟೀಫನ್ಸನ ಪುರಾಣ 1616, 1649, 1654 ಹೀಗೆ ಮೂರು ಸಲ ಅಚ್ಚಾಗಿದ್ದರೂ ಆ ಮೂರು ಮುದ್ರಣಗಳ ಒಂದು ಪ್ರತಿಯೂ ವಿದ್ವಾಂಸರ ಕೈಗೆ ದಕ್ಕಲಿಲ್ಲವೆಂಬ ಸಂಗತಿಯನ್ನು ಈ ಮುಚ್ಚುವಿಕೆಯಿಂದ ಬೇರ್ಪಡಿಸಿ ನೋಡುವುದು ಕಷ್ಟ.

ಹಾಗಿದ್ದರೆ ಪುರಾಣ ಉಳಿದದ್ದು ಹೇಗೆ? ತೆಂಕಣಕ್ಕೆ ಹೋದವರ ಮನೆಗಳಲ್ಲಿ. ಇನ್‌ಕ್ವಿಸಿಶನ್ನಿನ ಭಯ, ಕ್ಷಾಮ, ತೆರಿಗೆ, 1683 ಮತ್ತು 1739ರ ಮರಾಠರ ದಾಳಿಗಳು ಇವೆಲ್ಲ ಕಾರಣವಾಗಿ ಗೋವೆಯ ಕ್ರೈಸ್ತರು ಅಲೆಯಲೆಯಾಗಿ ಸೋದೆ ಮತ್ತು ಕೆಳದಿ ಅರಸರ ಸೀಮೆಗೆ ಬಂದರು. ಕೆಳದಿಯವರೊಂದಿಗೆ ಪೋರ್ಚುಗೀಸರು 1678ರಲ್ಲಿ ಮಾಡಿಕೊಂಡ ಒಪ್ಪಂದದ ಫಲವಾಗಿ ಮಿರ್ಜಾನ, ಚಂದಾವರ, ಭಟ್ಕಳ ಮೊದಲಾದೆಡೆ ಚರ್ಚುಗಳಿಗೆ ಅವಕಾಶವಾಯಿತು. ಹೀಗೆ ಬಂದವರು ಕೈಬರಹದ ಪುರಾಣವನ್ನು ತಂದರು, ನಕಲು ಮಾಡಿದರು, ಮನೆಗಳಲ್ಲಿ ಸ್ವರವೆತ್ತಿ ಓದಿದರು. ಶ್ರೀರಂಗಪಟ್ಟಣದ ಸೆರೆಯ 15 ವರ್ಷಗಳು, 1784ರಿಂದ 1799ರವರೆಗೆ, ಕರಾವಳಿಯ ಚರ್ಚುಗಳನ್ನು ನೆಲಸಮ ಮಾಡಿದರೂ ಈ ಓದು ಅಳಿಯಲಿಲ್ಲ. 1907ರಲ್ಲಿ ಜೋಸೆಫ್ ಎಲ್. ಸಲ್ಡಾನ್ಹಾ ಮಂಗಳೂರಿನಲ್ಲಿ ಕ್ರಿಸ್ತಪುರಾಣವನ್ನು ಸಂಪಾದಿಸಿ ಮುದ್ರಿಸಿದ್ದು ಕೆನರಾದಲ್ಲಿ ಉಳಿದಿದ್ದ ಇಂಥ ಹಸ್ತಪ್ರತಿಗಳ ಬಲದಿಂದಲೇ. ಹುಟ್ಟಿದ ಮನೆ ಕಳೆದುಕೊಂಡದ್ದನ್ನು ವಲಸೆ ಹೋದವರ ಮನೆ ಉಳಿಸಿಕೊಂಡಿತು. ಸೆಮಿನರಿಯ ಗ್ರಂಥಭಂಡಾರವನ್ನು ಮಾತ್ರ ಆಕರವೆಂದು ನಂಬುವ ಚರಿತ್ರೆಗೆ ಈ ಸಂಗತಿಯನ್ನು ವಿವರಿಸುವ ಶಕ್ತಿಯಿಲ್ಲ.

ಓವಿಯ ಇನ್ನೊಂದು ದಾರಿ ಹೆಂಗಸರದು. ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ವಧುವಿಗೂ ವರನಿಗೂ ತೆಂಗಿನ ಹಾಲು ಹಚ್ಚಿ ಮೀಯಿಸುವ ‘ರೋಸ್’ ಶಾಸ್ತ್ರದಲ್ಲಿ ಹಿರಿಯ ಮುತ್ತೈದೆಯೊಬ್ಬಳು ಮುಂದಾಗಿ ‘ವೊವಿಯೊ’ ಹೇಳುತ್ತಾಳೆ, ನೆರೆದವರು ದನಿಗೂಡಿಸುತ್ತಾರೆ. 1736ರ ಪತ್ರ ನಿಷೇಧಿಸಿದ್ದ ಮೈಗೆ ಹಚ್ಚುವ ಶಾಸ್ತ್ರವೂ ಅದರೊಂದಿಗಿನ ಹಾಡೂ ಇಲ್ಲಿ ಒಟ್ಟಿಗೇ ಉಳಿದಿವೆ. ಈ ವೊವಿಯೊಗಳನ್ನು ಕ್ರಿಸ್ತಪುರಾಣದ ಓವಿಯ ಸಂತತಿಯೆಂದು ಹೇಳಿಬಿಡುವ ಆತುರ ಕೆಲವರಲ್ಲಿದೆ. ಅದು ತಲೆಕೆಳಗಾದ ತರ್ಕ. 12ನೆಯ ಶತಮಾನದಲ್ಲಿಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಹಾಡುವ ಓವಿಯನ್ನು ಹೆಸರಿಸುತ್ತದೆ. ಕನ್ನಡದ ಬೀಸುವ ಕಲ್ಲಿನ ತ್ರಿಪದಿಗೂ ಈ ಓವಿಗೂ ಇರುವ ನೆಂಟಸ್ತಿಕೆಯನ್ನು ವಿದ್ವಾಂಸರು ಚರ್ಚಿಸುತ್ತಲೇ ಬಂದಿದ್ದಾರೆ. ಆದ್ದರಿಂದ ಸ್ಟೀಫನ್ಸನು ಹೆಂಗಸರಿಗೆ ಓವಿಯನ್ನು ಕೊಟ್ಟವನಲ್ಲ, ಆ ಪರಂಪರೆಯಿಂದ ಪಡೆದವನು. ಗ್ರಂಥದ ಓವಿಗೂ ಬಾಯಿಮಾತಿನ ಓವಿಗೂ ಚರಣದ ಅಳತೆಯಲ್ಲಿ, ಪ್ರಾಸದಲ್ಲಿ ವ್ಯತ್ಯಾಸವೂ ಇದೆ. ಎರಡೂ ಒಂದೇ ಬೇರಿನ ಎರಡು ಟಿಸಿಲುಗಳು ಎನ್ನುವುದಷ್ಟೇ ಸದ್ಯಕ್ಕೆ ಸಾಧು.

ಈಗ ಕಾರವಾರ–ಅಂಕೋಲೆಗೆ ಬರೋಣ. ಗೋವೆಗೆ ಹೊಂದಿಕೊಂಡ ಈ ಸೀಮೆ ಗೋವೆಯ ಧಾರ್ಮಿಕ ಕಲಹಗಳಿಗೂ ಆಶ್ರಯಸ್ಥಾನವಾಗಿತ್ತು. ಪೋರ್ಚುಗಲ್ಲಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡಲೊಪ್ಪದ ಕಾರ್ಮೆಲೈಟ್ ಸಂನ್ಯಾಸಿಗಳು 18ನೆಯ ಶತಮಾನದ ಆರಂಭದಲ್ಲಿ ಗೋವೆಯನ್ನು ಬಿಟ್ಟು ಕಾರವಾರದ ಸುಂಕೇರಿಯಲ್ಲಿ, ಸೋದೆ ಅರಸರ ನೆಲದಲ್ಲಿ, ನೆಲೆಯೂರಿದರು. ಗೋವೆಯಲ್ಲಿ ಹಳೆಯ ಮನೆಗೆ ಹೊಸ ಸಂಸ್ಥೆ ಬಂದರೆ, ಇಲ್ಲಿ ಹಳೆಯ ಸಂಸ್ಥೆ ಹೊಸ ಮಣ್ಣಿಗೆ ಬಂದಿತು. ಅಧಿಕಾರದ ಪೈಪೋಟಿಗಳು ಆಗಾಗ ನಡೆದರೂ ಉತ್ತರ ಕನ್ನಡದ ಕರಾವಳಿಯ ಚರ್ಚುಗಳು ದೀರ್ಘಕಾಲ ಗೋವೆಯ ಆರ್ಚ್‌ಬಿಷಪ್ಪರ ಅಧೀನದಲ್ಲಿಯೇ ಇದ್ದವು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ರಚನೆಯಾದಾಗ ಆ ಕೊಂಡಿ ಕಳಚಿತು. 1976ರಲ್ಲಿ ಕಾರವಾರವೇ ಪ್ರತ್ಯೇಕ ಧರ್ಮಪ್ರಾಂತವಾಯಿತು.

ಅಂದರೆ ಈ ಸೀಮೆಯ ಗುರು ಯಾವ ಲಿಪಿಯಲ್ಲಿ ಪ್ರಾರ್ಥನೆಯನ್ನು ಓದುತ್ತಿದ್ದನೋ ಅದು ಶಾಲೆಯಲ್ಲಿ ಮಕ್ಕಳು ಕಲಿಯುತ್ತಿದ್ದ ಲಿಪಿಯಾಗಿರಲಿಲ್ಲ. ಗೋವೆಯ ಪರಂಪರೆಯ ಕೊಂಕಣಿ ರೋಮನ್ ಲಿಪಿಯದು. 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಕಾರವಾರದ ಶಾಲೆಗಳಲ್ಲಿ ಮರಾಠಿಯ ಪ್ರಭಾವದಿಂದ ದೇವನಾಗರಿ ಪ್ರಬಲವಾಗಿತ್ತು. ಅಂಕೋಲೆಗೆ ಬಂದರೆ ಕನ್ನಡದ ಒತ್ತು ಹೆಚ್ಚು. ಏಕೀಕರಣದ ಬಳಿಕ ಕನ್ನಡ ಲಿಪಿ ಎಲ್ಲೆಡೆ ಮುಂದಕ್ಕೆ ಬಂದಿತು. ಒಂದೇ ಮನೆಯ ಅಜ್ಜಿ, ತಾಯಿ, ಮೊಮ್ಮಗಳು ಒಂದೇ ಹಾಡನ್ನು ಮೂರು ಲಿಪಿಗಳಲ್ಲಿ ಬರೆದಿಟ್ಟುಕೊಳ್ಳಬಹುದಾದ ಸ್ಥಿತಿ ಇದು. ಬಹುಲಿಪಿಯ ಈ ಸ್ಥಿತಿಯನ್ನು ದೌರ್ಬಲ್ಯವೆಂದು ಬಣ್ಣಿಸುವ ರೂಢಿಯಿದೆ; ಆದರೆ ಹಾಡು ಬಾಯಿಂದ ಬಾಯಿಗೆ ಸಾಗುವವರೆಗೆ ಲಿಪಿಯಿಂದ ಅದಕ್ಕೆ ತೊಂದರೆಯಿರಲಿಲ್ಲ. ಹಾಡುವವರು ಕಡಿಮೆಯಾಗಿ ಪುಸ್ತಕ ನೋಡಿ ಹಾಡುವ ಕಾಲ ಬಂದಾಗ ತೊಂದರೆ ಶುರುವಾಗುತ್ತದೆ.

ಕರಾವಳಿಯ ದಕ್ಷಿಣದ ತುದಿಯಲ್ಲಿ ಬೇರೆಯದೇ ಕಥೆ ನಡೆಯಿತು. ಗೋವೆಯ ಸೆಮಿನರಿಗಳಲ್ಲಿ ಕೊಂಕಣಿಗೆ ತಡೆಬಿದ್ದ 1847ರಲ್ಲಿಯೇ ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನ ಸೆಮಿನರಿ ಆರಂಭವಾಯಿತು. ಅಲ್ಲಿ ಕನ್ನಡ ಬೋಧನೆಯ ಭಾಷೆ. ಪ್ರಾಟೆಸ್ಟೆಂಟರ ಈ ಸಂಸ್ಥೆಗೆ ಕಾರವಾರದ ಕ್ಯಾಥೊಲಿಕರೊಂದಿಗೆ ನೇರ ಸಂಬಂಧವಿಲ್ಲ. ಆದರೆ ಹೋಲಿಕೆಗೆ ಅದು ಅನಿವಾರ್ಯ. ಹರ್ಮನ್ ಮೊಗ್ಲಿಂಗನ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು, ಮ್ಯಾನರ್ ಸಂಗ್ರಹಿಸಿದ ತುಳು ಪಾಡ್ದನಗಳು 1886ರಲ್ಲಿ ಪ್ರಕಟವಾದದ್ದು ಇದೇ ವಾತಾವರಣದಲ್ಲಿ. ಜೆಸುಯಿಟ್ ವಿದ್ವಾಂಸ ಆಂಜೆಲೊ ಮಾಫೆಯ್ 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ಇಂಗ್ಲಿಷ್–ಕೊಂಕಣಿ ನಿಘಂಟನ್ನೂ ಹೊರತಂದಾಗ ಅವು ಅಚ್ಚಾದದ್ದು ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿ, ಕೊಂಕಣಿ ಪದಗಳು ಕನ್ನಡ ಲಿಪಿಯಲ್ಲಿ. ರಾಯತೂರಿನ ಜೆಸುಯಿಟರು ಬಿಟ್ಟುಹೋಗಬೇಕಾದ ಕೆಲಸವನ್ನು ಎರಡು ಶತಮಾನಗಳ ಬಳಿಕ ಅದೇ ಸಂಘದವನೊಬ್ಬ ಎದುರು ಪಂಥದವರ ಅಚ್ಚುಕೂಟದಲ್ಲಿ ಮುಂದುವರಿಸಿದ.

ಬಲ್ಮಠದ ಆವರಣವೂ ಮುಂದೆ ಸ್ಥಳಾಂತರವನ್ನು ಕಂಡಿತು. ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯ ಪರಂಪರೆ ಬಾಸೆಲ್ ಮಿಷನ್ ಸೆಮಿನರಿಯ ಪರಂಪರೆಯೊಂದಿಗೆ ಕೂಡಿ 1965ರಲ್ಲಿ ಅಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ರೂಪುಗೊಂಡಿತು. 1762ರ ರಾಯತೂರಿಗೂ 1965ರ ಬಲ್ಮಠಕ್ಕೂ ಮೇಲುನೋಟಕ್ಕೆ ಸಾಮ್ಯವಿದೆ: ಎರಡರಲ್ಲಿಯೂ ಹಿಂದಿನವರ ಮನೆಗೆ ಹೊಸ ಸಂಸ್ಥೆ ಬಂದಿದೆ. ಆದರೆ ಬಲ್ಮಠದಲ್ಲಿ ಮನೆಯ ಜೊತೆಗೆ ಭಾಷೆಯೂ ಕೈಬದಲಾಗಿ ಉಳಿಯಿತು, ಮಿಷನ್ನಿನ ಹಸ್ತಪ್ರತಿಗಳೂ ಪುಸ್ತಕಗಳೂ ಅಲ್ಲಿಯ ಸಂಗ್ರಹಕ್ಕೆ ಸೇರಿದವು. ರಾಯತೂರಿನಲ್ಲಿ ಮನೆ ಮಾತ್ರ ಕೈಬದಲಾಯಿತು. ಬಾಸೆಲ್ ಮಿಷನ್ನಿನವರಿಗೆ ಜನಪದರ ದೈವಾರಾಧನೆಯ ಬಗ್ಗೆ ಗೌರವವಿತ್ತೆಂದು ಇದರಿಂದ ಭಾವಿಸಬೇಕಿಲ್ಲ. ಖಂಡಿಸಲೆಂದು ಸಂಗ್ರಹಿಸಿದರೂ ಸಂಗ್ರಹ ಉಳಿಯಿತು ಎಂಬುದಷ್ಟೇ ಇಲ್ಲಿಯ ಮಾತು.

ಸೆಮಿನರಿ ಜನಪದವನ್ನು ಕೊಂದಿತು ಎಂಬ ವಾದವೂ, ಚರ್ಚೇ ಜನಪದವನ್ನು ಕಾಪಾಡಿತು ಎಂಬ ವಾದವೂ ಈ ಸಾಮಗ್ರಿಯ ಮುಂದೆ ನಿಲ್ಲುವುದಿಲ್ಲ. ಮೊದಲನೆಯದು ವೊವಿಯೊ ಇಂದಿಗೂ ಕೇಳಿಬರುವುದನ್ನು ಕಾಣುವುದಿಲ್ಲ. ಎರಡನೆಯದು ನಿಷೇಧದ ಕಾಗದಗಳನ್ನು ಕಾಣುವುದಿಲ್ಲ. ಕನ್ನಡ ಜಾನಪದ ಅಧ್ಯಯನದ ಹೊಣೆಯೂ ಇದರಲ್ಲಿ ಸ್ವಲ್ಪವಿದೆ. ಉತ್ತರ ಕನ್ನಡದಲ್ಲಿ ಎಲ್. ಆರ್. ಹೆಗಡೆ, ಎನ್. ಆರ್. ನಾಯಕ, ಶಾಂತಿ ನಾಯಕ ಮೊದಲಾದವರು ಮಾಡಿದ ಸಂಗ್ರಹಕಾರ್ಯ ನಾಡಿನಲ್ಲಿಯೇ ದೊಡ್ಡದು. ಅಂಕೋಲೆಯ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಆ ಇಡೀ ಪರಂಪರೆಗೆ ಮನ್ನಣೆ ದೊರೆತಂತಾಯಿತು. ಅವರು 2025ರಲ್ಲಿ ನಿಧನರಾದರು. ಆದರೆ ಅದೇ ಸೀಮೆಯ ಕ್ರೈಸ್ತ ಹೆಂಗಸರ ಹಾಡುಗಳನ್ನು ಕೊಂಕಣಿಯವೆಂದು ಕನ್ನಡದವರು, ಕರ್ನಾಟಕದವೆಂದು ಗೋವೆಯವರು ಬಿಟ್ಟದ್ದೇ ಹೆಚ್ಚು.

ಹಾಡಿಗೆ ಗಡಿ ಹಾಕಿದರೂ ವಾದ್ಯಕ್ಕೆ ಹಾಕಲಾಗಲಿಲ್ಲ. ಮಣ್ಣಿನ ಗಡಿಗೆಯ ಬಾಯಿಗೆ ಚರ್ಮ ಬಿಗಿದ ಗುಮಟೆ ಸುಗ್ಗಿಯಲ್ಲಿ ಹಾಲಕ್ಕಿಗಳದು, ಹೋಳಿಯಲ್ಲಿ ಕುಡುಬಿಗಳದು, ಗೋವೆಯ ದೇವಾಲಯದ ಆರತಿಯಲ್ಲಿ ಹಿಂದೂಗಳದು, ಮಾಂಡೊ ಹಾಡಿನಲ್ಲಿ ಕ್ರೈಸ್ತರದು. 1736ರ ಪತ್ರ ನಾಡವಾದ್ಯಗಳನ್ನು ನಿಷೇಧಿಸಿತ್ತು. 2019ರಲ್ಲಿ ಗೋವೆಯ ಸರ್ಕಾರ ಇದೇ ಗುಮಟೆಯನ್ನು ರಾಜ್ಯದ ಪರಂಪರೆಯ ವಾದ್ಯವೆಂದು ಘೋಷಿಸಿತು. ಉಡದ ಚರ್ಮಕ್ಕೆ ವನ್ಯಜೀವಿ ಕಾಯಿದೆ ಅಡ್ಡಿಯಾದ ಮೇಲೆ ಆಡಿನ ಚರ್ಮ ಬಂದು ನಾದ ಬದಲಾಗಿದೆಯೆಂಬ ಕೊರಗು ನುಡಿಸುವವರಲ್ಲಿದೆ. ಅದು ಬೇರೆ ಚರ್ಚೆ.

ಸ್ಥಳಾಂತರವೆಂದರೆ ಸಂಸ್ಥೆಯದಷ್ಟೇ ಅಲ್ಲ ಎಂಬುದನ್ನು ಕಾರವಾರ–ಅಂಕೋಲೆಯ ಜನ ಇತ್ತೀಚಿನ ದಶಕಗಳಲ್ಲಿ ಮೈಮೇಲೆಯೇ ಅನುಭವಿಸಿದ್ದಾರೆ. 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಗಾಗಿ ಎರಡೂ ತಾಲೂಕುಗಳ ಕಡಲತಡಿಯ ಹಳ್ಳಿಗಳು ತೆರವಾದವು. ಕಾರವಾರದ ಎದುರಿಗಿನ ಅಂಜದೀಪ ದ್ವೀಪ ನೌಕಾಪಡೆಯ ವಶಕ್ಕೆ ಹೋಯಿತು. ಅಲ್ಲಿಯ ಪೋರ್ಚುಗೀಸ್ ಕಾಲದ ಬ್ರೋತಾಸ್ ಮಾತೆಯ ಚರ್ಚಿಗೆ ಗೋವೆಯ ಭಕ್ತರು ಪ್ರತಿವರ್ಷ ದೋಣಿಯೇರಿ ಬರುತ್ತಿದ್ದ ಹಬ್ಬದ ಯಾತ್ರೆ ನಿಂತಿತು. ಸೆಮಿನರಿ ಮನೆ ಬದಲಿಸಿದರೆ ದಾಖಲೆ ಉಳಿಯುತ್ತದೆ. ದೋಣಿಯಲ್ಲಿ ಹೋಗುವಾಗ ಹಾಡುತ್ತಿದ್ದುದು ದೋಣಿ ನಿಂತ ಮೇಲೆ ಎಲ್ಲಿಗೆ ಹೋಯಿತೆಂದು ಬರೆದಿಟ್ಟವರು ಕಡಿಮೆ.

ಲಿಪಿಯ ವಿಚಾರಕ್ಕೆ ಮರಳಿದರೆ ಒಂದು ಸೂಕ್ಷ್ಮವನ್ನು ಗುರುತಿಸಬ���ಕು. ರೋಮನ್ ಲಿಪಿಯಲ್ಲಿ ಮೂರ್ಧನ್ಯ ಧ್ವನಿಗಳಿಗೆ ಬೇರೆ ಅಕ್ಷರಗಳಿಲ್ಲವಾದ್ದರಿಂದ ಅಕ್ಷರವನ್ನು ಇಮ್ಮಡಿಸಿ ಬರೆಯುವ ಪದ್ಧತಿ ಕೊಂಕಣಿಯಲ್ಲಿದೆ. ರಾಯತೂರಿನ ಜೆಸುಯಿಟ್ ಮುದ್ರಣಗಳ ಕಾಲದಿಂದ ಬಂದ ಬಳುವಳಿ ಅದು. ಇಮ್ಮಡಿ ‘ಎಲ್’ ಕಂಡಲ್ಲಿ ಹಳಬರು ‘ಳ’ ಎಂದೇ ಓದುತ್ತಾರೆ. ಇಂಗ್ಲಿಷ್ ಕಲಿತ ಮೊಮ್ಮಗಳು ಅದನ್ನು ‘ಲ್ಲ’ ಎಂದು ಓದಿ, ಹಾಗೆಯೇ ಕನ್ನಡಕ್ಕೆ ಇಳಿಸಿಕೊಂಡರೆ ಓವಿಯ ಚರಣದಲ್ಲಿ ಒಂದು ಮಾತ್ರೆ ಹೆಚ್ಚಾಗುತ್ತದೆ, ದಾಟಿ ತಪ್ಪುತ್ತದೆ. ಕನ್ನಡ ಲಿಪಿಯಲ್ಲಿ ‘ಳ’ಕ್ಕೆ ಸ್ಥಾನವಿದೆ, ಆದರೆ ಕೊಂಕಣಿಯ ಅನುನಾಸಿಕ ಸ್ವರಕ್ಕೆ ಸೊನ್ನೆಯೊಂದೇ ಗತಿ, ಅದನ್ನು ಕನ್ನಡದ ಅಭ್ಯಾಸದಂತೆ ತುಂಬಿ ಉಚ್ಚರಿಸಿದರೆ ಅಲ್ಲಿಯೂ ಮಾತ್ರೆ ಬೆಳೆಯುತ್ತದೆ. ಆದ್ದರಿಂದ ಕಾರವಾರ–ಅಂಕೋಲೆಯ ಮನೆಗಳಲ್ಲಿರುವ ಹಾಡಿನ ಕೈಬರಹಗಳನ್ನು ಯಾವ ಲಿಪಿಗೆ ಇಳಿಸುವುದಾದರೂ, ಹಾಡುವವಳು ಇರುವಾಗಲೇ ಅವಳ ದನಿಯೊಂದಿಗೆ ಇಟ್ಟು ಇಳಿಸಬೇಕಾಗುತ್ತದೆ.